ಬೆಣ್ಣೆ ಮೇಜಿನ ತಾಯಿ

ಅದು ಕೆಂಪು ದಾರವಿರಬೇಕು ಎಂದೇ ಅವಳು ಮೊದಲು ಅಂದುಕೊಂಡಳು. ಮೂರೂವರೆ ತಿಂಗಳ ಮಗಳ ಲಂಗೋಟಿಯಲ್ಲಿ, ಹಳದಿಯ ನಡುವೆ, ಉಗುರಿನುದ್ದದ ಒಂದು ಗೆರೆ. ಮಗುವಿನ ಅಂಗಿ ತಿರುವಿ ನೋಡಿದಳು, ಹೊದಿಕೆ ಕೊಡವಿದಳು, ತನ್ನ ತೋಳಿನ ಹೊಲಿಗೆಯನ್ನು ಬೆಳಕಿಗೆ ಹಿಡಿದಳು. ಮನೆಯಲ್ಲಿ ಕೆಂಪು ಬಟ್ಟೆ ಎಂಬುದೇ ಇರಲಿಲ್ಲ. ಗಂಡ ಬೋರ್ಡು ಬರೆಯುವವನಾದ್ದರಿಂದ ಎರಡನೆಯ ಅನುಮಾನ ಅವನ ಬಣ್ಣದ ಡಬ್ಬಿಗಳ ಮೇಲೆ ಹೋಯಿತು.

"ರೀ, ಇವತ್ತು ಕೆಂಪು ಬಣ್ಣ ಮುಟ್ಟಿದ್ರಾ?"

"ಇಲ್ಲ ಕಣೇ, ವಾರದಿಂದ ಬರೀ ನೀಲಿ. ಹಲ್ಲಿನ ಡಾಕ್ಟ್ರ ಬೋರ್ಡು. ಯಾಕೆ?"

ಅವಳು ಲಂಗೋಟಿ ತೋರಿಸಿದಳು. ಅವನು ಬಗ್ಗಿ ನೋಡಿ, ಬಣ್ಣ ಬಲ್ಲವನ ಗಾಂಭೀರ್ಯದಿಂದ, "ಇದು ಪೇಂಟ್ ಅಲ್ಲ. ಪೇಂಟ್ ಆಗಿದ್ರೆ ಅಂಚು ಇಷ್ಟು ಹರಡಲ್ಲ" ಎಂದ. ಹೇಳಿಯಾದ ಮೇಲೆ ತಾನೇ ಹೇಳಿದ್ದರ ಅರ್ಥ ಹೊಳೆದು ಗೋಡೆಗೊರಗಿ ಕುಳಿತ.

ಅಂದಿನಿಂದ ಆ ಗೆರೆ ಅವಳ ತಲೆಯಲ್ಲಿ ಬಿಡಾರ ಹೂಡಿತು. ರಸ್ತೆಯ ಕೆಂಪು ದೀಪ ಕಂಡರೆ ಮುಖ ತಿರುಗಿಸುವಳು. ತರಕಾರಿ ಅಂಗಡಿಯಲ್ಲಿ ಬೀಟ್‌ರೂಟಿನ ಕಡೆ ಬೆನ್ನು ಮಾಡಿ ನಿಲ್ಲುವಳು. ಮಗು ಒದ್ದೆ ಮಾಡದಿದ್ದರೂ ಗಂಟೆಗೊಮ್ಮೆ ಬಿಚ್ಚಿ ಟಾರ್ಚ್ ಹಾಕಿ ನೋಡುವಳು. ನೋಡಿದ್ದನ್ನು ತಾರೀಕು ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆಯುವಳು. ಮಗು ಮಾತ್ರ, ತನ್ನ ಕೆಳಭಾಗಕ್ಕೆ ಇದ್ದಕ್ಕಿದ್ದಂತೆ ಇಷ್ಟು ಪ್ರೇಕ್ಷಕರು ಯಾಕೆ ಬಂದರೆಂದು ತಿಳಿಯದೆ, ಸಂಕೋಚವಿಲ್ಲದೆ ಕಾಲು ಬಡಿದು ನಗುತ್ತಿತ್ತು.

ಮಕ್ಕಳ ಹೊಟ್ಟೆ, ಕರುಳುಗಳ ವಿಷಯವನ್ನೇ ಓದಿದ ಒಬ್ಬ ಡಾಕ್ಟರಮ್ಮನ ಬಳಿಗೆ ಹೋದರು. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಕರುಳೊಂದಿತ್ತು. ಬಿಚ್ಚಿಹೋಗದಂತೆ ಅದಕ್ಕೆ ರಬ್ಬರ್‌ ಬ್ಯಾಂಡ್ ಹಾಕಿದ್ದರು. ಡಾಕ್ಟರು ಮಗುವಿನ ಹೊಟ್ಟೆ ಒತ್ತಿ ನೋಡಿದರು, ದೀಪ ಹಿಡಿದು ಹಿಂಬದಿಯಲ್ಲಿ ಸೀಳು ಇದೆಯೇ ಎಂದು ಹುಡುಕಿದರು. ಮೊಲೆತೊಟ್ಟು ಒಡೆದು ಮಗು ತಾಯಿಯ ರಕ್ತವನ್ನೇ ನುಂಗಿರಬಹುದೇ ಎಂದು ಅವಳನ್ನೂ ಪರದೆಯ ಹಿಂದೆ ಕರೆದು ಪರೀಕ್ಷಿಸಿದರು. ಎರಡೂ ಇರಲಿಲ್ಲ.

"ಎದೆಹಾಲು ಮಾತ್ರ ತಾನೇ?"

"ಅದು ಬಿಟ್ಟು ಒಂದು ಹನಿ ನೀರೂ ಇಲ್ಲ ಡಾಕ್ಟ್ರೇ. ನಾನು ಕೆಲಸಕ್ಕೆ ಹೋದಾಗ್ಲೂ ಹಿಂಡಿಟ್ಟು ಹೋಗ್ತೀನಿ, ಅತ್ತೆ ಕುಡಿಸ್ತಾರೆ."

"ಈ ವಯಸ್ಸಲ್ಲಿ ಹೀಗೆ ಚೂರು ರಕ್ತ, ಲೋಳೆ ಬಂದ್ರೆ ನಾವು ಮೊದ್ಲು ಅನುಮಾನ ಪಡೋದು ಹಸುವಿನ ಹಾಲಿನ ಮೇಲೆ. ತಾಯಿ ತಿಂದಿದ್ದು ಎದೆಹಾಲಲ್ಲಿ ಚೂರು ಇಳಿಯುತ್ತೆ. ಕೆಲವು ಮಕ್ಕಳ ಕರುಳಿಗೆ ಅದು ಆಗಿಬರಲ್ಲ. ನೀವು ಹಾಲು, ಮೊಸರು, ಬೆಣ್ಣೆ ತಿಂತೀರಾ?"

ವಾರದಲ್ಲಿ ಮೊದಲ ಸಲ ಅವಳಿಗೆ ನಗು ಬಂತು. "ಹಾಲು ಕಂಡ್ರೆ ನನಗಾಗಲ್ಲ ಡಾಕ್ಟ್ರೇ. ಕಪ್ಪು ಟೀ ಕುಡಿಯೋಳು. ಮನೇಲಿ ಬೆಣ್ಣೆ ತರಲ್ಲ, ತುಪ್ಪ ತರಲ್ಲ. ಬ್ರೆಡ್ಡಿಗೂ ಬರೀ ಜಾಮು."

"ಹಾಲಿನ ಗಾಡಿ ಬಂದ್ರೆ ಆ ಕಡೆ ಫುಟ್‌ಪಾತಿಗೆ ಹೋಗ್ತಾಳೆ ಇವಳು" ಎಂದು ಗಂಡ ಸಾಕ್ಷಿ ಹೇಳಿದ. "ಇವಳಿಂದ ನಮ್ಮಮ್ಮನೂ ಕಪ್ಪು ಟೀಗೆ ಬಂದ್ರು, ಪಾಪ."

"ಏನು ಕೆಲಸ ನಿಮ್ದು?"

"ಫ್ಯಾಕ್ಟರೀಲಿ ಕ್ವಾಲಿಟಿ ವಿಭಾಗ. ಕೂತು ಮಾಡೋದು."

ಡಾಕ್ಟರು 'ಕೂತು ಮಾಡುವ ಕೆಲಸ' ಎಂದು ಬರೆದುಕೊಂಡು, ಪಟ್ಟಿಯಲ್ಲಿ ಮೊದಲಿದ್ದ ಹಾಲಿನ ಮೇಲೆ ಒಂದು ಗೆರೆ ಎಳೆದರು. ಗೆರೆ ತುಂಬ ನೇರವಾಗಿತ್ತು. ಬೋರ್ಡು ಬರೆಯುವವನಿಗೆ ಅವರ ಮೇಲೆ ಗೌರವ ಬಂತು.

ಅವಳು ಸುಳ್ಳು ಹೇಳಿರಲಿಲ್ಲ. ಇದು ಅರ್ಥವಾಗಬೇಕಾದರೆ ಅವಳ ಕೆಲಸ ಅರ್ಥವಾಗಬೇಕು.

ಏಳು ವರ್ಷದ ಹುಡುಗಿಯಾಗಿದ್ದಾಗಲೇ ಅವಳು ಹಾಲನ್ನು ನಾಲಿಗೆಗೆ ಮುಟ್ಟಿಸಿ, "ಅಮ್ಮಾ, ಇದು ಹನ್ನೆರಡು ಗಂಟೆಗೆ ಕೆಡುತ್ತೆ" ಅನ್ನುತ್ತಿದ್ದಳು. ಹನ್ನೆರಡೂಕಾಲಕ್ಕೆ ಹಾಲು ಒಡೆಯುತ್ತಿತ್ತು. ರಸಾಯನಶಾಸ್ತ್ರದಲ್ಲಿ ಡಿಗ್ರಿ ಮಾಡಿ, ಹಾಲಿನ ಉತ್ಪನ್ನಗಳ ಕಾರ್ಖಾನೆಯೊಂದರಲ್ಲಿ ಪ್ರಯೋಗಾಲಯದ ಕೆಲಸಕ್ಕೆ ಅರ್ಜಿ ಹಾಕಿದಳು. ಸಂದರ್ಶನದಲ್ಲಿ ಮುಖ್ಯ ರುಚಿಗಾರರು ಮೂರು ತುಂಡು ಬೆಣ್ಣೆ ಕೊಟ್ಟರು. "ಎರಡನೇದು ಈರುಳ್ಳಿ ಪಕ್ಕದಲ್ಲಿ ಇಟ್ಟಿದ್ದು ಸಾರ್" ಎಂದಳು. ರುಚಿಗಾರರು ಎದ್ದು ಹೋಗಿ ಫ್ರಿಜ್ ತೆಗೆದು ನೋಡಿ ಬಂದು, ಅವಳ ಡಿಗ್ರಿ ಸರ್ಟಿಫಿಕೇಟನ್ನು ಬಿಡಿಸಿಯೂ ನೋಡದೆ ಕೆಲಸ ಕೊಟ್ಟರು. ಕಾರ್ಖಾನೆಯಲ್ಲಿ ಅವರಿಗೆ ದೊಡ್ಡನಾಲಿಗೆ ಎಂದು ಹೆಸರು. ಇವಳು ಸೇರಿದ ವಾರದಲ್ಲೇ ಕಿರುನಾಲಿಗೆ ಆದಳು.

ಒಂಬತ್ತು ವರ್ಷದಿಂದ ಅದೇ ಬಿಳಿ ಮೇಜು, ಅದೇ ಬಿಳಿ ಕೋಟು. ಬೆಳಿಗ್ಗೆ ಹದಿನಾಲ್ಕು ತುಂಡು, ಮಧ್ಯಾಹ್ನ ಹದಿನಾಲ್ಕು ತುಂಡು. ಪ್ರತಿಯೊಬ್ಬರ ಮುಂದೂ ಉಗುಳಲೆಂದು ಒಂದು ಸ್ಟೀಲ್ ಲೋಟ. ಆದರೆ ದೊಡ್ಡನಾಲಿಗೆಯವರ ಸಿದ್ಧಾಂತದ ಪ್ರಕಾರ ಬೆಣ್ಣೆಯ ಕಹಿ ಗಂಟಲಲ್ಲಿ ಮಾತ್ರ ತಿಳಿಯುತ್ತದೆ. ಉಗುಳುವವನು ಅರ್ಧ ಪುಸ್ತಕ ಓದಿ ಪರೀಕ್ಷೆಗೆ ಕೂತಂತೆ. ಹಾಗಾಗಿ ಆ ಮೇಜಿನಲ್ಲಿ ಯಾರೂ ಉಗುಳುತ್ತಿರಲಿಲ್ಲ. ಲೋಟಗಳಲ್ಲಿ ಪೆನ್ನು ಇಡುತ್ತಿದ್ದರು. ಪ್ರತಿ ಸರದಿಗೆ ಮೊದಲು ಒಂದು ಫಾರಂ ತುಂಬಬೇಕು: 'ಕಳೆದ ಎರಡು ಗಂಟೆಗಳಲ್ಲಿ ಏನಾದರೂ ತಿಂದಿದ್ದೀರಾ?' ಹದಿನಾಲ್ಕನೆಯ ತುಂಡು ನುಂಗಿ ಬಾಯಿ ಒರೆಸಿಕೊಂಡು, ಮುಂದಿನ ಸರದಿಯ ಫಾರಂನಲ್ಲಿ ಎಲ್ಲರೂ 'ಇಲ್ಲ' ಎಂದು ಬರೆಯುತ್ತಿದ್ದರು. ರುಚಿ ನೋಡಿದ್ದು ಲೆಕ್ಕಕ್ಕಿಲ್ಲ. ದರ್ಜಿ ತಾನು ಹೊಲಿದ ಕೋಟನ್ನೆಲ್ಲ ತೊಟ್ಟುಕೊಂಡೆ ಅನ್ನುತ್ತಾನೆಯೇ? ಕೆಲಸ ಮುಗಿಸಿ ಮನೆಗೆ ಬಂದವಳಿಗೆ ಹಾಲು ಎಂಬ ಶಬ್ದವೇ ಬೇಡವಾಗಿರುತ್ತಿತ್ತು. ಅವಳ ದೃಷ್ಟಿಯಲ್ಲಿ ಅವಳು ಒಂಬತ್ತು ವರ್ಷದಿಂದ ಬೆಣ್ಣೆ ತಿಂದವಳೇ ಅಲ್ಲ.

ಹೆರಿಗೆಗೆ ಮೂರು ತಿಂಗಳು ರಜೆ ಸಿಕ್ಕಿತ್ತು. ಮರಳಿ ಮೇಜಿಗೆ ಕೂತ ಹನ್ನೆರಡನೆಯ ದಿನ ಲಂಗೋಟಿಯಲ್ಲಿ ಆ ಗೆರೆ ಕಂಡಿತ್ತು.

ಹಾಲನ್ನು ಹೊಡೆದುಹಾಕಿದ ಮೇಲೆ ಡಾಕ್ಟರಿಗೆ ಉಳಿದದ್ದು ಕಷ್ಟದ ದಾರಿ. ಮಗುವನ್ನು ಆರು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಅವಳೂ ರಜೆ ಹಾಕಿ ಜೊತೆಗೆ ಉಳಿದಳು. ಅಂಗಾಲು ಚುಚ್ಚಿ ರಕ್ತ ತೆಗೆದು, ಅದು ಸರಿಯಾಗಿ ಹೆಪ್ಪುಗಟ್ಟುತ್ತದೆಯೇ ನೋಡಿದರು, ಹೆಪ್ಪುಗಟ್ಟುತ್ತಿತ್ತು. ಹುಟ್ಟಿದ ದಿನ ಕೊಡಬೇಕಾದ ವಿಟಮಿನ್ ಇಂಜೆಕ್ಷನ್ ಕೊಟ್ಟಿದ್ದಾರೆಯೇ ನೋಡಿದರು, ಕೊಟ್ಟಿದ್ದರು. ಮಲದಲ್ಲಿ ರೋಗಾಣು ಹುಡುಕಿದರು, ಕರುಳು ಕರುಳಿನೊಳಗೆ ತೂರಿಕೊಂಡಿದೆಯೇ ಎಂದು ಸ್ಕ್ಯಾನ್ ಮಾಡಿದರು, ಹುಟ್ಟಿನಿಂದಲೇ ಕರುಳಿನ ಪಕ್ಕಕ್ಕೆ ಅಂಟಿಕೊಂಡ ಪುಟ್ಟ ಚೀಲವೇನಾದರೂ ರಕ್ತ ಸುರಿಸುತ್ತಿದೆಯೇ ಎಂದು ಇನ್ನೊಂದು ದೊಡ್ಡ ಯಂತ್ರದ ಕೆಳಗೆ ಮಲಗಿಸಿದರು. ಎಲ್ಲವೂ ಸರಿಯಾಗಿತ್ತು. ಒಂದೊಂದು ಸೂಜಿಗೂ ಮಗುವಿಗಿಂತ ಅವಳೇ ಹೆಚ್ಚು ಅತ್ತಳು. ಈ ನಡುವೆ, ನಾಲ್ಕನೆಯ ದಿನದಿಂದ ಲಂಗೋಟಿಯ ಗೆರೆ ಮಾಯವಾಯಿತು! ಮನೆಗೆ ಕಳಿಸಿದರು. ಅವಳು ಕೆಲಸಕ್ಕೆ ಹೋದಳು. ಐದನೆಯ ದಿನ ಗೆರೆ ಮತ್ತೆ ಬಂತು. ಮತ್ತೆ ಆಸ್ಪತ್ರೆ, ಮತ್ತೆ ರಜೆ. ಮತ್ತೆ ಗೆರೆ ನಾಪತ್ತೆ.

ಮೊದಲು ನಿರ್ಣಯಕ್ಕೆ ಬಂದವನು ಗಂಡ.

"ಮಗೂಗೆ ಆಸ್ಪತ್ರೆ ಒಗ್ಗುತ್ತೆ" ಎಂದ. "ಮನೆ ಒಗ್ಗಲ್ಲ. ಅಷ್ಟೇ ವಿಷಯ."

"ಹಾಗಂತ ಆಸ್ಪತ್ರೇಲೇ ಇರೋಕಾಗುತ್ತೇನೋ?" ಎಂದರು ಅತ್ತೆ.

"ಅದಕ್ಕೇ ಅಮ್ಮ, ಆಸ್ಪತ್ರೇನೇ ಇಲ್ಲಿಗೆ ತಂದ್ರಾಯ್ತು."

ಹೇಳಿಕೇಳಿ ಬೋರ್ಡು ಬರೆಯುವವನು. ಎರಡೇ ದಿನದಲ್ಲಿ ಆ ಎರಡು ಕೋಣೆಯ ಮನೆ ಆಸ್ಪತ್ರೆಯಾಯಿತು. ಮಲಗುವ ಕೋಣೆಯ ಮೇಲೆ 'ವಾರ್ಡ್ 1', ಅಡುಗೆಮನೆಯ ಮೇಲೆ 'ಔಷಧಾಲಯ', ಬಾಗಿಲಲ್ಲಿ 'ಪಾದರಕ್ಷೆ ಹೊರಗೆ ಬಿಡಿ', ಕಿಟಕಿಯಲ್ಲಿ 'ಮೌನವಾಗಿರಿ'. ಕಿಟಕಿಗೆ ಹಸಿರು ಪರದೆ ಬಂತು. ಆಸ್ಪತ್ರೆಯ ಕೆಲಸದವಳನ್ನು ಕೇಳಿ ಅದೇ ವಾಸನೆಯ ಫಿನಾಯಿಲ್ ತಂದು, ದಿನಕ್ಕೆ ಮೂರು ಸಲ ನೆಲ ಒರೆಸಿದ.

ಅತ್ತೆ ಮೂವತ್ತೊಂದು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಚೀಟಿ ಇಲ್ಲದ ಮನುಷ್ಯನನ್ನು ಮನುಷ್ಯನೆಂದು ಒಪ್ಪದವರು. ಹಳೆಯ ಕಪ್ಪು ಕೋಟನ್ನು ಪೆಟ್ಟಿಗೆಯಿಂದ ತೆಗೆದು ತೊಟ್ಟು, ಟಿಕೆಟ್ ತೂತು ಮಾಡುವ ಇಕ್ಕುಳ ಹಿಡಿದು, ಬಾಗಿಲ ಬಳಿ ಸ್ಟೂಲ್ ಹಾಕಿ ಕೂತರು. ಬಂದವರಿಗೆಲ್ಲ ಟೋಕನ್. ಮೇಲಿನ ಮನೆಯ ಟ್ಯೂಷನ್ ಮೇಷ್ಟ್ರು ತಮ್ಮ ಏಣಿ ವಾಪಸು ಕೇಳಲು ಬಂದರೆ ನಾಲ್ಕನೇ ನಂಬರ್ ಕೊಟ್ಟರು.

"ಒಂದರಿಂದ ಮೂರು ಯಾರಮ್ಮಾ? ಯಾರೂ ಕಾಣ್ತಿಲ್ವಲ್ಲ" ಎಂದರು ಮೇಷ್ಟ್ರು.

"ಅವರು ಬಂದಾಗ ಬರ್ತಾರೆ. ನೀವು ಕೂತ್ಕೊಳ್ಳಿ."

ನಲವತ್ತು ನಿಮಿಷ ಕೂತ ಮೇಷ್ಟ್ರಿಗೆ ಏಣಿ ಮರೆತೇಹೋಯಿತು. ಒಳಗೆ ಕರೆದಾಗ ಪ್ಯಾಂಟು ಮಡಿಸಿ ಮೊಣಕಾಲು ತೋರಿಸಿ, "ಮೆಟ್ಟಿಲು ಹತ್ತುವಾಗ ಚುಳ್ ಅನ್ನುತ್ತೆ" ಎಂದರು. ಅತ್ತೆ ಅದನ್ನು ಗಂಭೀರವಾಗಿ ನೋಡಿ, ಟೋಕನ್ನಿಗೆ ತೂತು ಹೊಡೆದು, "ಮೊಣಕಾಲು ಬುಧವಾರ" ಎಂದು ಕಳಿಸಿದರು. ಮೇಷ್ಟ್ರು ಬುಧವಾರ ನಿಜಕ್ಕೂ ಬಂದರು.

ಇದನ್ನೆಲ್ಲ ನೋಡಿ ಅವಳಿಗೆ ಒಂದು ಬಗೆಯ ಧೈರ್ಯ ಬಂತು. ರಜೆಯೂ ಮುಗಿದಿತ್ತು. ಮನೆಯಲ್ಲಿ ಆಸ್ಪತ್ರೆ ಇದೆಯಲ್ಲ ಎಂದು ಮೇಜಿಗೆ ಹೋದಳು. ಐದನೆಯ ದಿನ, ವಾರ್ಡ್ 1ರಲ್ಲಿ, ಹಸಿರು ಪರದೆಯ ಕೆಳಗೆ, ಗೆರೆ ಹಾಜರಾಯಿತು. ಈ ಸಲ ಎರಡು.

ಗಂಡ ಪರದೆಯ ಅಂಚನ್ನು ಬೆಳಕಿಗೆ ಹಿಡಿದು ನೋಡಿದ. "ನನ್ದೇ ತಪ್ಪು. ಅಲ್ಲಿದ್ದಿದ್ದು ಪಾಚಿ ಹಸಿರು. ನಾನು ತಂದಿದ್ದು ಗಿಳಿ ಹಸಿರು" ಎಂದ. ಅವನ ಕಣ್ಣಲ್ಲಿ ನೀರಿತ್ತು. ಅವಳಿಗೆ ಬೈಯಲೂ ಆಗಲಿಲ್ಲ.

ಡಾಕ್ಟರು ಕಡತದ ಮೇಲೆ 'ಕಾರಣ ತಿಳಿಯದ ರಕ್ತಸ್ರಾವ' ಎಂದು ಬರೆದರು. "ಮಗು ತೂಕ ಏರ್ತಿದೆ, ಆಡ್ತಿದೆ, ಅದೊಂದು ಸಮಾಧಾನ. ಆದ್ರೂ ಇಷ್ಟು ದಿನ ಬಿಡೋಕಾಗಲ್ಲ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಬನ್ನಿ. ಅರಿವಳಿಕೆ ಕೊಟ್ಟು, ತೆಳ್ಳಗಿನ ಕೊಳವೇಲಿ ಕ್ಯಾಮೆರಾ ಬಿಟ್ಟು ಕರುಳು ಒಳಗಿಂದ ನೋಡೋಣ. ಏನೇ ನೆನಪಾದ್ರೂ ಫೋನ್ ಮಾಡಿ, ಈ ನಂಬರಿಗೆ" ಎಂದು ಚೀಟಿಯಲ್ಲಿ ಬರೆದು ಕೊಟ್ಟರು.

ಅರಿವಳಿಕೆ ಎಂಬ ಆ ಒಂದು ಮಾತು ಅವಳನ್ನು ಬಿಡಲಿಲ್ಲ. ಎಚ್ಚರವಾಗದೇ ಹೋದರೆ? ಅಳು ಮರೆತುಬಿಟ್ಟರೆ? ಅಷ್ಟು ಸಣ್ಣ ದೇಹಕ್ಕೆ ಅಷ್ಟುದ್ದದ ಕೊಳವೆ ಎಲ್ಲಿಂದ ಎಲ್ಲಿಗೆ? ಭಾನುವಾರ ಬೆಳಿಗ್ಗೆಯಿಂದ ಮಗುವನ್ನು ಕೆಳಗೆ ಇಳಿಸದೆ, 'ವಾರ್ಡ್ 1' ಮತ್ತು 'ಔಷಧಾಲಯ'ದ ನಡುವೆ ಓಡಾಡುತ್ತಿದ್ದಳು.

ಮಧ್ಯಾಹ್ನ ಅತ್ತೆ ಕನ್ನಡಕ ಏರಿಸಿ, ಕಾಗದ ಪೆನ್ನು ಹಿಡಿದು ಕರೆದರು.

"ಬಾಮ್ಮಾ ಇಲ್ಲಿ. ನಾಳೆ ಮಗೂನ ದೊಡ್ಡಾಸ್ಪತ್ರೆಗೆ ಕಳಿಸ್ತಿದ್ದೀವಿ. ಇಲ್ಲಿಂದ ಹೋಗೋ ಮುಂಚೆ ನಮ್ಮ ಕಾಗದ ಪತ್ರ ಸರಿ ಇರ್ಬೇಕು."

"ಅತ್ತೆ, ನಿಮ್ಮ ದಮ್ಮಯ್ಯ. ಇದು ಆಸ್ಪತ್ರೆ ಅಲ್ಲ, ಮನೆ."

"ಬೋರ್ಡ್ ಇದೆಯಲ್ಲ? ಸುಮ್ನೆ ಹೇಳು. ತಾಯಿಯ ಉದ್ಯೋಗ?"

"ಗೊತ್ತಲ್ಲ ನಿಮಗೆ. ಕ್ವಾಲಿಟಿ."

"ಅದು ಇಲಾಖೆ. ಕೆಲಸ ಏನು?"

"ಬೆಣ್ಣೆ ಪರೀಕ್ಷೆ."

"ಬೆಣ್ಣೆ ಫ್ಯಾಕ್ಟರಿ ಅಂತ ಗೊತ್ತಿತ್ತು. ನೀನು ಅಲ್ಲಿ ರಿಜಿಸ್ಟರ್ ಬರಿತೀಯ ಅಂದ್ಕೊಂಡಿದ್ದೆ. ಪರೀಕ್ಷೆ ಹೇಗೆ? ಭೂತಗನ್ನಡಿ ಹಿಡಿತೀಯಾ?"

"ಇಲ್ಲ ಅತ್ತೆ, ನಾಲಿಗೇಲಿ."

ಅತ್ತೆಯ ಪೆನ್ನು ನಿಂತಿತು. ಮೂವತ್ತೊಂದು ವರ್ಷದ ಕಣ್ಣು ಕನ್ನಡಕದ ಮೇಲಿಂದ ಇಣುಕಿತು.

"ನಾಲಿಗೇಲಿ ಹತ್ತಿದ ಬೆಣ್ಣೆ ಯಾವ ಸ್ಟೇಷನ್ನಲ್ಲಿ ಇಳಿಯುತ್ತೆ?"

"ಅಂದ್ರೆ?"

"ಉಗುಳ್ತೀಯೋ, ನುಂಗ್ತೀಯೋ?"

"ನುಂಗ್ಲೇಬೇಕು ಅತ್ತೆ, ಕಹಿ ಗೊತ್ತಾಗೋದು ಗಂಟಲಲ್ಲಿ. ಆದ್ರೆ ಅದು ತಿಂದಿದ್ದಲ್ಲ. ರುಚಿ ನೋಡಿದ್ದು."

"ಟಿಕೆಟ್ ಇಲ್ದೆ ಸಿಕ್ಕಿಬಿದ್ದೋರೆಲ್ಲ ಇದನ್ನೇ ಹೇಳ್ತಿದ್ರು ಕಣೇ. ಪ್ರಯಾಣ ಅಲ್ಲ ಮೇಡಂ, ಸುಮ್ನೆ ರೈಲು ನೋಡೋಣ ಅಂತ ಹತ್ತಿದ್ದು ಅಂತ. ರೈಲಿಗೆ ಅದೆಲ್ಲ ಗೊತ್ತಾಗುತ್ತಾ? ಅವರನ್ನೂ ಮುಂದಿನೂರಿಗೆ ಕರ್ಕೊಂಡು ಹೋಗ್ತಿತ್ತು."

ಅವಳು ಮಗುವನ್ನು ಅತ್ತೆಯ ಕೈಗಿಟ್ಟು ನೋಟ್‌ಬುಕ್ ತಂದಳು. ಒಂದು ಪುಟದಲ್ಲಿ ಗೆರೆ ಕಂಡ ತಾರೀಕುಗಳು; ಇನ್ನೊಂದರಲ್ಲಿ ತಾನು ರಜೆ ಹಾಕಿದ ದಿನಗಳನ್ನು ನೆನಪಿಸಿಕೊಂಡು ಬರೆದಳು. ಆಸ್ಪತ್ರೆಗೆ ಸೇರಿದ ನಾಲ್ಕನೆಯ ದಿನ ಅಂದರೆ ಬೆಣ್ಣೆ ಬಿಟ್ಟ ನಾಲ್ಕನೆಯ ದಿನ. ಮನೆಗೆ ಬಂದ ಐದನೆಯ ದಿನ ಅಂದರೆ ಮೇಜಿಗೆ ಮರಳಿದ ಐದನೆಯ ದಿನ. ಒಂದು ಸಲವಲ್ಲ, ಎರಡು ಸಲ.

ಗಂಡ ಬಂದು ಭುಜದ ಮೇಲಿಂದ ಓದಿದ. "ಹಾಗಾದ್ರೆ ಪರದೆ ಬಣ್ಣ ಸರಿಯಾಗೇ ಇತ್ತಾ?" ಎಂದ.

"ರೀ, ಪರದೆ ಸುಡ್ಲಿ! ಆ ಕಾಲು ನೋಡ್ರೀ." ಮಗುವಿನ ಅಂಗಾಲಿನಲ್ಲಿ ಸೂಜಿಯ ಕಲೆಗಳು ಇನ್ನೂ ಮಾಸಿರಲಿಲ್ಲ. "ಮೊದಲನೇ ದಿನಾನೇ ಕೇಳಿದ್ರು. ಬೆಣ್ಣೆ ತಿಂತೀರಾ ಅಂತ, ಬಾಯಿ ಬಿಟ್ಟು ಕೇಳಿದ್ರು. ನಾನು ನಕ್ಕೆ."

"ಫೋನ್ ಮಾಡು" ಎಂದರು ಅತ್ತೆ.

ಫೋನ್ ಕೈಗೆತ್ತಿಕೊಂಡಳು, ಇಟ್ಟಳು. ಏನೆಂದು ಹೇಳುವುದು? ಹಾಲಿನ ಗಾಡಿ ಕಂಡರೆ ರಸ್ತೆ ದಾಟುತ್ತೇನೆ, ಆದರೆ ದಿನಕ್ಕೆ ಇಪ್ಪತ್ತೆಂಟು ತುಂಡು ಬೆಣ್ಣೆ ನುಂಗುತ್ತೇನೆ ಎಂದೇ? ಡಾಕ್ಟರು ನಗುತ್ತಾರೆ. ನಗದಿದ್ದರೆ ಅದು ಇನ್ನೂ ಕೆಟ್ಟದ್ದು. ನಾಳೆಯಿಂದ ಮೇಜಿಗೆ ಹೋಗಬೇಡಿ ಅಂದರೆ? ಆ ನಾಲಿಗೆಯೊಂದನ್ನು ಬಿಟ್ಟು ಅವಳಿಗೆ ಇನ್ನೇನು ಬರುತ್ತಿತ್ತು? ನಾಲ್ಕು ಸಲ ನಂಬರಿನ ಕೊನೆಯ ಅಂಕಿಯವರೆಗೆ ಒತ್ತಿ ಅಳಿಸಿದಳು. ಹೇಳದೆಯೇ ಬೆಣ್ಣೆ ಬಿಟ್ಟರಾಯಿತು, ಮಗುವಿಗೆ ನೆಗಡಿ ಎಂದು ನಾಳೆಯದನ್ನು ಮುಂದೆ ಹಾಕಿಸಿದರಾಯಿತು ಅನ್ನಿಸಿತು. ಆದರೆ ನೆಗಡಿ ವಾಸಿಯಾದ ಮೇಲೆ? ಬೆಣ್ಣೆಯಿಂದಲ್ಲ, ಬೇರೆಯದರಿಂದಲೇ ರಕ್ತ ಬರುತ್ತಿದ್ದರೆ? ಡಾಕ್ಟರು ಅರ್ಧ ಸುಳ್ಳಿನ ಕಡತ ಹಿಡಿದು ಹುಡುಕುತ್ತಲೇ ಇರುವರು. ಅತ್ತ ಮಗು ಅತ್ತೆಯ ಕೋಟಿನ ಗುಂಡಿ ಕಿತ್ತು ಬಾಯಿಗೆ ಹಾಕಿಕೊಳ್ಳಲು ಹವಣಿಸುತ್ತಿತ್ತು. ನಾಳೆ ಎಂಟು ಗಂಟೆಗೆ ಆ ಬಾಯಿಗೆ ಅರಿವಳಿಕೆಯ ಮಾಸ್ಕ್ ಇಡುತ್ತಾರೆ.

ಐದನೆಯ ಸಲ ಅಳಿಸಲಿಲ್ಲ. ಎರಡು ರಿಂಗಿಗೇ ಎತ್ತಿದರು.

"ಡಾಕ್ಟ್ರೇ, ನಾನು ನಾಳೆ ಎಂಟು ಗಂಟೆ ಮಗುವಿನ ತಾಯಿ. ನಾನು ಬೆಣ್ಣೆ ತಿಂತೀನಿ." ಉಸಿರು ಎಳೆದುಕೊಂಡಳು. "ಅದೇ ನನ್ನ ಕೆಲಸ. ರುಚಿ ನೋಡೋದು. ತಿನ್ನೋದಲ್ಲ ಅಂದ್ಕೊಂಡಿದ್ದೆ."

ಆ ಕಡೆ ಕುರ್ಚಿ ಎಳೆದ ಸದ್ದು.

"ಉಗುಳ್ತೀರಾ?"

"ಒಂದೂ ಉಗುಳಿಲ್ಲ. ಒಂಬತ್ತು ವರ್ಷದಲ್ಲಿ."

"ರಜೆ ಇದ್ದಾಗ ರಕ್ತ?"

"ನಾಲ್ಕನೇ ದಿನದಿಂದ ಇಲ್ಲ. ಬರೆದಿಟ್ಟಿದ್ದೀನಿ. ಡಾಕ್ಟ್ರೇ, ಮಗೂಗೆ ಅಷ್ಟೊಂದು ಸಲ ಚುಚ್ಚಿಸಿದೆ ನಾನು..."

"ನನ್ನ ಕಡೆಯಿಂದಲೂ ತಪ್ಪಿದೆ. ಏನು ಪರೀಕ್ಷೆ ಮಾಡ್ತೀರಿ ಅಂತ ಒಂದು ಮಾತು ಕೇಳ್ಬೇಕಿತ್ತು, ಕೇಳ್ಲಿಲ್ಲ. ಈಗ ಕೇಳಿಸ್ಕೊಳ್ಳಿ. ನಾಳೆ ಕೊಳವೆ ಬೇಡ. ಎರಡು ವಾರ ಹಾಲಿನ ಯಾವ ಪದಾರ್ಥನೂ ನಿಮ್ಮ ನಾಲಿಗೆಗೆ ತಾಕಬಾರದು, ಊಟಕ್ಕೂ ಇಲ್ಲ, ಕೆಲಸಕ್ಕೂ ಇಲ್ಲ. ಕಾರ್ಖಾನೆಗೆ ನಾನು ಚೀಟಿ ಕೊಡ್ತೀನಿ. ಎದೆಹಾಲು ನಿಲ್ಲಿಸ್ಬೇಡಿ. ರಕ್ತ ಜಾಸ್ತಿಯಾದ್ರೆ, ಹೊಟ್ಟೆ ಉಬ್ಬಿದ್ರೆ, ವಾಂತಿಯಾದ್ರೆ, ಮಗು ಮಂಕಾದ್ರೆ ಫೋನ್ ಮಾಡ್ತಾ ಕೂರ್ಬೇಡಿ, ನೇರ ಬಂದ್ಬಿಡಿ."

"ಇದೇ ಕಾರಣನಾ ಡಾಕ್ಟ್ರೇ?"

"ಇರಬಹುದು. ನಿಂತ್ರೆ ಗೊತ್ತಾಗುತ್ತೆ. ನಿಲ್ಲದಿದ್ರೆ ಆಮೇಲೆ ಕೊಳವೆ." ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿತು. "ಬರೀ ಬೆಣ್ಣೆ ಒಂದೇನಾ? ಆ ಮೇಜಿನಲ್ಲಿ ಇನ್ನೇನೇನು ರುಚಿ ನೋಡ್ತೀರಿ? ಒಂದೂ ಬಿಡದೆ ಹೇಳಿ."

ಅವಳು ಕಣ್ಣು ಮುಚ್ಚಿ ಸೋಮವಾರದ ಮೇಜನ್ನು ಎಡದಿಂದ ಬಲಕ್ಕೆ ನೆನಪಿಸಿಕೊಂಡಳು.

"ಬರ್ಕೊಳ್ಳಿ ಡಾಕ್ಟ್ರೇ" ಎಂದಳು. "ಸ್ವಲ್ಪ ಉದ್ದ ಇದೆ."